ವಾದಿಗೆ ಹೊಸ ನೀರು ಬಂದ ದಿನ

ಅಲ್ ಅಜೈಬಾ

ನನ್ನ ತಮ್ಮ ವಾಸುವನ್ನು ಆ ನೀರಿಗೆ ಇಳಿಸಿದ್ದು ನಾನು. ಮಸ್ಕತ್ತಿನ ಬಗ್ಗೆ ಬರೆಯಲು ಕೂತವಳು ಅಲ್ಲಿನ ಕೋಟೆ, ಕಡಲು, ಚಿನ್ನದಂಗಡಿ ಎಲ್ಲ ಬಿಟ್ಟು ಇಲ್ಲಿಂದಲೇ ಶುರು ಮಾಡುತ್ತೇನೆ. ಒಂದು ತಿಂಗಳು ಅಲ್ಲಿದ್ದೆ. ಉಳಿದ ದಿನಗಳೆಲ್ಲ ಅರ್ಧಂಬರ್ಧ ನೆನಪು. ಆ ಒಂದು ಶುಕ್ರವಾರ ಮಾತ್ರ ಗಳಿಗೆ ಗಳಿಗೆಯಾಗಿ ನೆನಪಿದೆ, ಮರೆಯಬೇಕೆಂದರೂ ಮರೆಯುವುದಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರ್. ಎಪ್ರಿಲ್ ರಜೆಗೆ ತಮ್ಮನ ಮನೆಗೆ ಹೋಗಿದ್ದೆ. ವಾಸು ಅಲ್ಲೊಂದು ಕಟ್ಟಡ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್. ಅಲ್ ಅಜೈಬಾದಲ್ಲಿ ಎರಡು ಕೋಣೆಯ ಫ್ಲಾಟು, ಹೆಂಡತಿ ಶೋಭಾ, ಆರು ವರ್ಷದ ಮಗಳು ರಶ್ಮಿ. ರಶ್ಮಿಗೆ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಮೊದಲ ವಾರ ಅದನ್ನು ತಿದ್ದುವುದರಲ್ಲೇ ನನ್ನ ರಜೆ ಕಳೆಯಿತು.

ತಿದ್ದುವುದು ನನ್ನ ಹುಟ್ಟುಗುಣ. ವಾಸು ನನಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಬೇಗ ತೀರಿಕೊಂಡರು, ಅಮ್ಮ ಮೆತ್ತಗಿನ ಹೆಂಗಸು. ಹಾಗಾಗಿ ಅವನು ಯಾವ ಕೋರ್ಸು ಓದಬೇಕು, ಯಾರನ್ನು ಮದುವೆಯಾಗಬೇಕು ಎಲ್ಲವನ್ನೂ ನಾನೇ ಹೇಳಿದೆ. ಗಲ್ಫ್ ಕೆಲಸದ ಅರ್ಜಿ ತುಂಬಿಸಿದವಳೂ ನಾನೇ. ಅವನು ತೋರಿಸಿದಲ್ಲಿ ಸಹಿ ಹಾಕಿದ. ಈ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ವಾಸುವಿನ ಬಾಸ್ ಡಂಕನ್ ಎಂಬ ಸ್ಕಾಟ್ಲೆಂಡಿನವನು. ಐವತ್ತೈದು ದಾಟಿದ, ಕೆಂಪು ಮೂಗಿನ, ಕಡಿಮೆ ಮಾತಿನ ಮನುಷ್ಯ. ಅವನ ಊರಿನ ತಣ್ಣಗಿನ ತೊರೆಗಳಲ್ಲಿ ಟ್ರೌಟ್ ಎಂಬ ಮೀನು ಇರುತ್ತದಂತೆ. ಅದನ್ನು ಹಿಡಿಯಲು ಎರೆಹುಳ ಬೇಡ, ಕೋಳಿಪುಕ್ಕ ಮತ್ತು ನೂಲಿನಿಂದ ಕೊಕ್ಕೆಗೆ ನೊಣದ ವೇಷ ಹಾಕಿ ನೀರಿನ ಮೇಲೆ ತೇಲಿಸುತ್ತಾರಂತೆ. ಓಮಾನಿನಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಆದರೆ ಅವನು ಬೆಟ್ಟಗಳ ನಡುವೆ ವರ್ಷವಿಡೀ ನೀರು ಹರಿಯುವ ಒಂದು ವಾದಿ ಹುಡುಕಿಕೊಂಡಿದ್ದ. ವಾದಿ ಎಂದರೆ ಅಲ್ಲಿನ ಹೊಳೆಪಾತ್ರ, ಹೆಚ್ಚಿನವು ಒಣಗಿಯೇ ಇರುತ್ತವೆ. ಆ ಒಂದರಲ್ಲಿ ಬೆರಳುದ್ದದ ಮೀನುಗಳಿದ್ದವು. ಡಂಕನ್ ರಜಾದಿನಗಳಲ್ಲಿ ಅವನ್ನು ಹಿಡಿಯುತ್ತಾನೆ, ಹಿಡಿದು ಬಿಡುತ್ತಾನೆ ಎಂದು ವಾಸು ಹೇಳಿದಾಗ ನಾನು ನಂಬಲಿಲ್ಲ. ಬಿಡುವುದೂ ಸುಳ್ಳು, ಹೊಳೆಯೂ ಸುಳ್ಳು ಎಂದೆ. ಅರೇಬಿಯಾದಲ್ಲಿ ನದಿಗಳಿಲ್ಲ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು.

ಮೂರನೆಯ ವಾರ ಡಂಕನ್ ವಾಸುವನ್ನು ಮೊದಲ ಬಾರಿಗೆ ಜೊತೆಗೆ ಕರೆದಿದ್ದ. ನಾನೂ ಬರುತ್ತೇನೆ ಎಂದೆ. ವಾಸು ತಲೆ ಕೆರೆದುಕೊಂಡ, ಬೇಡ ಎನ್ನಲಿಲ್ಲ. ನನಗೆ ಬೇಡ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಹಮ್ರಿಯಾ

ದಾರಿಯಲ್ಲಿ ತಿಂಡಿ ಕಟ್ಟಿಸಿಕೊಳ್ಳಲು ಹಮ್ರಿಯಾದಲ್ಲಿ ನಿಲ್ಲಿಸಿದೆವು. ಶುಕ್ರವಾರ ಬೆಳಿಗ್ಗೆ ಅಲ್ಲಿ ನಿಂತರೆ ಪರದೇಶಕ್ಕೆ ಬಂದಿದ್ದೇವೆ ಎನಿಸುವುದಿಲ್ಲ. ಮಲಯಾಳಿ ಹೋಟೆಲು, ಗುಜರಾತಿ ದಿನಸಿ ಅಂಗಡಿ, ಕಟ್ಟೆಯ ಮೇಲೆ ಕೂತು ಊರಿನ ಪತ್ರ ಓದುವ ಗಂಡಸರು. ವಾಸು ಪರೋಟ ಎಂದ, ನಾನು ಬಿಸಿಲಿಗೆ ಇಡ್ಲಿಯೇ ಒಳ್ಳೆಯದು ಎಂದೆ. ಇಡ್ಲಿ ಕಟ್ಟಿಸಿದ. ಮೈ ಒರೆಸುವ ಬೈರಾಸು ಮರೆತು ಬಂದಿದ್ದ, ಅದಕ್ಕೂ ಗದರಿ ಒಂದು ಅಂಗಡಿಯಲ್ಲಿ ನೀಲಿ ಚೌಕುಳಿಯ ಬೈರಾಸು ತೆಗೆಸಿದೆ.

ಡಂಕನ್ ಜೀಪಿಗೆ ಒರಗಿ ನಿಂತು ದಕ್ಷಿಣದ ಬೆಟ್ಟಗಳ ಕಡೆ ನೋಡುತ್ತಿದ್ದ. ನಮ್ಮ ತಲೆಯ ಮೇಲೆ ಆಕಾಶ ಸುಣ್ಣ ಬಳಿದ ಗೋಡೆಯ ಹಾಗಿತ್ತು. ದೂರದ ಬೆಟ್ಟದ ಹಿಂದೆ ಒಂದಿಷ್ಟು ಬಿಳಿ ಮೋಡ. ಜೀಪು ಹತ್ತಿದ ಕೂಡಲೇ ಅವನು ನಮಗೊಂದು ನಿಯಮ ಹೇಳಿದ. ವಾದಿಯಲ್ಲಿ ತಾನು ‘ಮೇಲೆ’ ಎಂದರೆ ಏಕೆ ಎಂದು ಕೇಳದೆ ಮೇಲೆ ಹತ್ತಬೇಕು, ಕೈಯಲ್ಲಿ ಏನಿದ್ದರೂ ಬಿಟ್ಟು ಹತ್ತಬೇಕು. ವಾಸು ‘ಯೆಸ್ ಸರ್’ ಎಂದ. ತರಗತಿಯಲ್ಲಿ ನಿಯಮ ಹೇಳುವವಳು ನಾನು, ಇನ್ನೊಬ್ಬರಿಂದ ಕೇಳುವುದು ನನಗೆ ಸರಿಬರಲಿಲ್ಲ. ಸುಮ್ಮನೆ ಕಿಟಕಿಯ ಹೊರಗೆ ನೋಡಿದೆ.

ಮಣ್ಣಿನ ದಾರಿ

ಖುರಿಯಾತ್ ಕಡೆಯ ರಸ್ತೆ ಬಿಟ್ಟ ಮೇಲೆ ಬರೀ ಜಲ್ಲಿ. ಜೀಪು ಕುಲುಕಿದ ಕುಲುಕಿಗೆ ಇಡ್ಲಿ ಹಿಟ್ಟಾಗಿರಬೇಕು ಎಂದುಕೊಂಡೆ. ಎರಡೂ ಕಡೆ ಒಂದು ಹುಲ್ಲುಕಡ್ಡಿಯಿಲ್ಲದ ಬೆಟ್ಟಗಳು. ನಮ್ಮಲ್ಲಿ ಗುಡ್ಡಕ್ಕೆ ಮಳೆ ಬಿದ್ದರೆ ಮಣ್ಣು ಕುಡಿಯುತ್ತದೆ, ಬೇರು ಕುಡಿಯುತ್ತದೆ, ಉಳಿದದ್ದು ತೋಡಿಗೆ ಬರುತ್ತದೆ. ಅಲ್ಲಿ ಕುಡಿಯುವವರು ಯಾರೂ ಇಲ್ಲ. ಇದು ನನಗೆ ಆಗ ಹೊಳೆದಿದ್ದರೆ ನಾನು ಪಾಠ ಮಾಡಿದ ವರ್ಷಗಳಿಗೆ ಒಂದು ಅರ್ಥವಿರುತ್ತಿತ್ತು.

ವಾದಿಯ ಹತ್ತಿರ ಬಂದಾಗ ಡಂಕನ್ ಜೀಪನ್ನು ನೀರಿನ ಬಳಿ ಒಯ್ಯಲಿಲ್ಲ. ಎತ್ತರದ ದಿಬ್ಬದ ಮೇಲೆ ನಿಲ್ಲಿಸಿದ. ಅಲ್ಲಿಂದ ಅರ್ಧ ಮೈಲಿ ಬಿಸಿಲಿನಲ್ಲಿ ಕಲ್ಲು ತುಳಿಯುತ್ತ ನಡೆದೆವು. ಕೆಳಗೆ ಇಷ್ಟು ಸಮತಟ್ಟು ಜಾಗ ಇರುವಾಗ ಈ ಮನುಷ್ಯನಿಗೆ ಎಂತ ಮರುಳು ಎಂದು ನಾನು ತುಳುವಿನಲ್ಲಿ ಗೊಣಗಿದೆ. ವಾಸು ‘ಮೆಲ್ಲ ಅಕ್ಕಾ’ ಎಂದ, ಡಂಕನನಿಗೆ ತುಳು ಬರುತ್ತದೋ ಎಂಬ ಹಾಗೆ.

ಹೊಂಡ

ನೀರು ನಿಜವಾಗಿಯೂ ಇತ್ತು. ಎರಡು ಗೋಡೆಗಳಂತೆ ನಿಂತ ಬಂಡೆಗಳ ನಡುವೆ ಮೊಣಕಾಲುದ್ದದ ತಿಳಿ ನೀರು, ಒಂದು ಹೊಂಡದಿಂದ ಇನ್ನೊಂದಕ್ಕೆ ಜಾರುತ್ತಿತ್ತು. ದಡದಲ್ಲಿ ಕಣಗಿಲೆ ಗಿಡಗಳು, ನಮ್ಮ ದೇವರಿಗೆ ಏರಿಸುವ ಅದೇ ಗುಲಾಬಿ ಬಣ್ಣದ ಹೂವು. ಅದನ್ನು ಕಂಡು ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಹೊಳೆಯ ಮಧ್ಯೆ, ದಡದಿಂದ ಕಲ್ಲು ತುಳಿದೇ ತಲುಪಬಹುದಾದ ಒಂದು ಚಪ್ಪಟೆ ಕಲ್ಲು, ಅದರ ಆಚೆಗೆ ಆಳೆತ್ತರದ ಒಂದು ದೊಡ್ಡ ಬಂಡೆ. ಎದುರಿನ ಗೋಡೆಯ ಬಿರುಕುಗಳಲ್ಲಿ, ಆ ಬಂಡೆಗಿಂತಲೂ ಎರಡಾಳು ಎತ್ತರದಲ್ಲಿ, ಒಣಗಿದ ಖರ್ಜೂರದ ಗರಿ, ಕಡ್ಡಿ, ಹರಿದ ಚಪ್ಪಲಿ ಸಿಕ್ಕಿಕೊಂಡಿದ್ದವು. ಯಾರು ಇಲ್ಲಿ ಕಸ ಬಿಸಾಡುತ್ತಾರೋ ಎಂದುಕೊಂಡೆ.

ಡಂಕನ್ ಗಾಳದ ಕೋಲು ಜೋಡಿಸಿದ. ಬಿದಿರಿನದು, ಅವನ ಅಪ್ಪನದಂತೆ. ಅದರ ದಾರ ಮೊದಲು ದಪ್ಪ, ಕೊನೆಗೆ ಕೂದಲಿನಷ್ಟು ಸಪೂರ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯುವುದರಲ್ಲೇ ಎಲ್ಲ ಇರುವುದು ಎಂದು ಅವನು ವಾಸುವಿಗೆ ಹೇಳಿಕೊಟ್ಟ. ವಾಸುವಿಗೆ ಕಾಯಲು ಬರಲಿಲ್ಲ. ಮೊದಲ ಬೀಸಿಗೆ ಕೊಕ್ಕೆ ಕಣಗಿಲೆಗೆ ಸಿಕ್ಕಿತು, ಎರಡನೆಯದಕ್ಕೆ ನನ್ನ ಸೆರಗಿಗೆ. ಡಂಕನ್ ಚಿಕ್ಕ ಕತ್ತರಿ ತೆಗೆದು ಸೀರೆಯನ್ನು ಮುಟ್ಟದೆ ತಾನು ಕಟ್ಟಿದ ಪುಕ್ಕವನ್ನೇ ಕತ್ತರಿಸಿ ಬಿಡಿಸಿಕೊಟ್ಟ. ಆಗ ಅವನ ಮೇಲೆ ಸ್ವಲ್ಪ ಗೌರವ ಬಂತು.

ಅಂತೂ ಮಧ್ಯಾಹ್ನದ ಹೊತ್ತಿಗೆ ವಾಸುವಿಗೆ ಒಂದು ಮೀನು ಬಿತ್ತು. ಡಂಕನ್ ಕೈ ಒದ್ದೆ ಮಾಡಿಕೊಂಡು ಅದನ್ನು ಹಿಡಿದ. ಒಣ ಕೈ ಮೀನಿಗೆ ಸುಡುತ್ತದಂತೆ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ವಾಸುವಿನ ಮುಖ ನೋಡಬೇಕಿತ್ತು. ನಾನು ಜೋರಾಗಿ ನಕ್ಕೆ.

ಮೇಲಿನ ಖರ್ಜೂರದ ತೋಟದಿಂದ ಖಲ್ಫಾನ್ ಎಂಬ ಮುದುಕ ಇಳಿದು ಬಂದ. ಡಂಕನನಿಗೆ ಹಳೆಯ ಪರಿಚಯ. ಮತ್ರಾ ಪೇಟೆಯಲ್ಲಿ ನಮ್ಮ ದೇಶದ ವ್ಯಾಪಾರಿಗಳ ಜೊತೆ ಕೆಲಸ ಮಾಡಿದವನಾದ್ದರಿಂದ ಹಿಂದಿ ಮಾತಾಡುತ್ತಿದ್ದ. ಎಲ್ಲರೂ ಮೇಲೆ ಬಂದು ಕಾವಾ, ಅಂದರೆ ಅವರ ಕಾಫಿ, ಕುಡಿಯಿರಿ ಎಂದ. ಡಂಕನ್ ಹೊರಟ. ವಾಸುವಿಗೆ ಇನ್ನೊಂದು ಮೀನಿನ ಆಸೆ, ನಾವಿಬ್ಬರು ಉಳಿದೆವು. ನೀರಿಗೆ ಇಳಿಯಬೇಡ, ಚಪ್ಪಟೆ ಕಲ್ಲಿನಿಂದಲೇ ಬೀಸು, ಐದು ನಿಮಿಷಕ್ಕೆ ಮೇಲೆ ಬಾ ಎಂದು ವಾಸುವಿಗೆ ಹೇಳಿ, ಆಕಾಶವನ್ನು ಇನ್ನೊಮ್ಮೆ ನೋಡಿ ಹೋದ. ತಲೆಯ ಮೇಲೆ ಈಗಲೂ ಸುಡುಬಿಸಿಲು.

ಹೊಸ ನೀರು

ಮೊದಲು ಬಂದದ್ದು ನಾಲ್ಕು ಒಣ ಎಲೆ. ಆಮೇಲೆ ಒಂದಿಷ್ಟು ನೊರೆ. ಆಮೇಲೆ ತಿಳಿ ನೀರಿನಲ್ಲಿ ಒಂದು ಕೆಂಪು ಗೆರೆ ಇಳಿದು ಬಂದು, ನಾನು ನೋಡುತ್ತಿದ್ದಂತೆ ಹೊಂಡವೆಲ್ಲ ಚಹಾದ ಬಣ್ಣಕ್ಕೆ ತಿರುಗಿತು. ನೀರು ಒಂದು ಬೆರಳಿನಷ್ಟು ಏರಿತು.

ನಮ್ಮೂರಲ್ಲಿ ಇದಕ್ಕೆ ಉಬರ್ ಎನ್ನುತ್ತೇವೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ತೋಡಿನಲ್ಲಿ ಕೆಂಪು ನೀರು ಬಂದರೆ, ಮೀನುಗಳು ಆ ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತವೆ. ಊರಿಗೆ ಊರೇ ಕತ್ತಿ, ಬುಟ್ಟಿ, ಬೈರಾಸು ಹಿಡಿದು ತೋಡಿಗೆ ಇಳಿಯುತ್ತದೆ. ಪ್ರಪಂಚದಲ್ಲಿ ಎಲ್ಲರೂ ಕೆಂಪು ನೀರು ಕಂಡರೆ ಮೇಲಕ್ಕೆ ಓಡುತ್ತಾರೆ, ನಾವು ಕೆಳಕ್ಕೆ ಓಡುವವರು. ಅಪ್ಪ ಇದ್ದಾಗ ನಾನು ಬೈರಾಸಿನ ಒಂದು ತುದಿ, ಅವರು ಒಂದು ತುದಿ ಹಿಡಿಯುತ್ತಿದ್ದೆವು. ವಾಸು ದಡದಲ್ಲಿ ಬುಟ್ಟಿ ಹಿಡಿದು ಕುಣಿಯುತ್ತಿದ್ದ.

ನನಗೆ ಪ್ರಾಯ ಮರೆತುಹೋಯಿತು. “ವಾಸೂ, ಹೊಸ ನೀರು ಬಂತು ಮಾರಾಯ. ಆ ಕೋಲು ಅಲ್ಲಿಡು. ಇಳಿ, ಮೀನು ಹತ್ತುತ್ತದೆ,” ಎಂದೆ. ಬೈರಾಸನ್ನು ಅವನತ್ತ ಎಸೆದೆ.

ಅವನು ಒಂದು ಕ್ಷಣ ಮೇಲಿನ ತೋಟದ ಕಡೆ ನೋಡಿದ. “ಸಾಹೇಬ್ರು ಇಳಿಯಬೇಡ ಅಂದಿದ್ದಾರೆ ಅಕ್ಕಾ.”

“ಅವರಿಗೆ ಎಂತ ಗೊತ್ತುಂಟು? ಇಳಿ.”

ಇಳಿದ. ಪ್ಯಾಂಟು ಮೇಲೆ ಕಟ್ಟಿ, ಕೋಲನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಬೈರಾಸು ಹರಡಿಕೊಂಡು ಹೊಳೆಯ ನಡುವೆ ಬಗ್ಗಿದ. ಮೀನುಗಳು ನಿಜಕ್ಕೂ ಹತ್ತುತ್ತಿದ್ದವು. ಎತ್ತಿದ ಬೈರಾಸಿನಲ್ಲಿ ಏಳೆಂಟು ಬೆಳ್ಳಗೆ ಕುಪ್ಪಳಿಸಿದವು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಆಮೇಲೆ ನೋಡಿದರೆ ನೀರು ಅವನ ತೊಡೆಯವರೆಗೆ ಬಂದಿತ್ತು.

ಸದ್ದು ಆಗ ಕೇಳಿಸಿತು. ನಮ್ಮೂರ ಅಕ್ಕಿಮಿಲ್ಲು ಶುರುವಾದಾಗ ನೆಲದಿಂದ ಬರುವಂಥ ಸದ್ದು, ಬೆಟ್ಟದ ತಿರುವಿನ ಆಚೆಯಿಂದ. ಮೇಲೆ ಖಲ್ಫಾನ್ ಕೂಗುತ್ತಿದ್ದ, “ಪಾನಿ ಆತಾ ಹೈ, ಊಪರ್, ಊಪರ್.” ಡಂಕನ್ ಕಲ್ಲುಗಳ ಮೇಲೆ ಹಾರುತ್ತ ಇಳಿಯುತ್ತಿದ್ದ.

ವಾಸು ಬೈರಾಸು ಬಿಟ್ಟ. ದಡಕ್ಕೆ ನಾಲ್ಕು ಹೆಜ್ಜೆ ಇಟ್ಟ. ಆಮೇಲೆ ನಿಂತು ಹಿಂದೆ ನೋಡಿದ. ಚಪ್ಪಟೆ ಕಲ್ಲಿನ ಮೇಲೆ ನೀರು ಹತ್ತಿತ್ತು, ಬಾಸಿನ ಕೋಲು ತೇಲಲು ಶುರುವಾಗಿತ್ತು. ನನ್ನ ತಮ್ಮ ಹನ್ನೆರಡು ವರ್ಷದಿಂದ ಆಫೀಸಿನ ಒಂದು ಪೆನ್ಸಿಲ್ ಕೂಡ ಮನೆಗೆ ತರದವನು. ಅವನು ತಿರುಗಿ ಕೋಲಿಗೆ ಹೋದ. ಬಿಡು ಬಿಡು ಎಂದು ಡಂಕನ್ ಅರಚಿದ್ದು ಸದ್ದಿನಲ್ಲಿ ಮುಳುಗಿತು. ಕೋಲು ಕೈಗೆ ಸಿಗುವಷ್ಟರಲ್ಲಿ ದಡಕ್ಕೆ ಬರುವ ದಾರಿ ಹೋಗಿತ್ತು. ಅವನು ಆ ದೊಡ್ಡ ಬಂಡೆಗೆ ಹತ್ತಿದ. ಡಂಕನ್ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದ. ತಿರುವಿನಿಂದ ನೀರು ಬಂತು, ಬೆಳಿಗ್ಗೆ ಕಂಡ ಮೋಡ ಬೆಟ್ಟದ ಹಿಂದೆ ಸುರಿದದ್ದೆಲ್ಲ ಒಟ್ಟಿಗೆ. ನೀರು ಎಂದು ಕರೆಯುವುದು ಅಭ್ಯಾಸಬಲದಿಂದ. ಅದರಲ್ಲಿ ಕಲ್ಲು, ಮರ, ಸತ್ತ ಆಡು ಎಲ್ಲ ಇದ್ದವು.

ಬಂಡೆ

ಬಂಡೆಯ ಮೇಲೆ ವಾಸು, ಕೈಯಲ್ಲಿ ಕೋಲು. ನಮಗೂ ಅವನಿಗೂ ನಡುವೆ ಒಂದು ತರಗತಿ ಕೋಣೆಯ ಉದ್ದದಷ್ಟು ಕೆಂಪು ನೀರು. ನನ್ನ ಕಣ್ಣು ಎದುರಿನ ಗೋಡೆಗೆ ಹೋಯಿತು. ಆ ಗರಿ, ಕಡ್ಡಿ, ಚಪ್ಪಲಿ. ಅವನ್ನು ಯಾರೂ ಬಿಸಾಡಿದ್ದಲ್ಲ. ಹಿಂದೊಮ್ಮೆ ನೀರು ಅಲ್ಲಿಯವರೆಗೆ ಏರಿತ್ತು. ಆ ಗುರುತು ಬಂಡೆಯ ಮೇಲೆ ನಿಂತ ವಾಸುವಿನ ತಲೆಗಿಂತ ಮೇಲಿತ್ತು.

ಖಲ್ಫಾನನ ಇಬ್ಬರು ಬೆಳೆದ ಮಕ್ಕಳು ಖರ್ಜೂರದ ಮರ ಹತ್ತುವ ನಾರಿನ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ ತಂದರು. ತುದಿಗೆ ಕಲ್ಲು ಕಟ್ಟಿ ಎಸೆದರು. ಹಗ್ಗ ಭಾರ, ಅರ್ಧಕ್ಕೆ ಬಿತ್ತು. ಮೂರು ಸಲ ಎಸೆದರು, ಮೂರು ಸಲವೂ ನೀರು ಅದನ್ನು ಎಳೆದುಕೊಂಡು ಹೋಯಿತು. ನೀರು ಬಂಡೆಯ ನೆತ್ತಿಗೆ ಬಂದು ವಾಸುವಿನ ಪಾದ ಮುಚ್ಚಿತು. ಶೋಭಾಳ ಮುಖ ನೆನಪಾಯಿತು. ನಾನು ದೇವರನ್ನು ಕರೆಯಲಿಲ್ಲ. ಯಾವ ಬಾಯಿಂದ ಕರೆಯಲಿ?

ಆಗ ಡಂಕನ್ ಒಂದು ಕೆಲಸ ಮಾಡಿದ. ದಡದ ತುದಿಯಲ್ಲಿ ವಾಸುವಿಗೆ ಕಾಣುವ ಹಾಗೆ ನಿಂತು, ಬರಿಗೈಯನ್ನು ಹಿಂದಕ್ಕೆ ಬೀಸಿದ. ಕಾದ. ಮುಂದಕ್ಕೆ ಬೀಸಿದ. ವಾಸು ನೋಡಿದ, ಅರ್ಥವಾಯಿತು. ಕೋಲೆತ್ತಿ ಬೀಸಿದ. ದಾರ ಅವನ ಕಾಲ ಬಳಿಯೇ ಮುದ್ದೆಯಾಗಿ ಬಿತ್ತು. ಮತ್ತೆ ಬೀಸಿದ, ಗಾಳಿ ಒಯ್ದಿತು. ಅವನು ಅವಸರ ಮಾಡುತ್ತಿದ್ದ. ಕಾಲಡಿಯಲ್ಲಿ ನೀರು ಏರುವವನಿಗೆ ಕಾದು ಬೀಸು ಎಂದು ಹೇಳುವುದು ಹೇಗೆ? ಡಂಕನ್ ಬೈಯಲಿಲ್ಲ, ಕೂಗಲಿಲ್ಲ. ಅದೇ ನಿಧಾನದಲ್ಲಿ ಬರಿಗೈ ಬೀಸುತ್ತಲೇ ಇದ್ದ, ಪ್ರತಿ ಸಲವೂ ಕೈಯನ್ನು ಹಿಂದೆ ತಡೆದು ನಿಲ್ಲಿಸಿ ತೋರಿಸಿದ.

ಎಷ್ಟನೆಯ ಸಲವೋ, ವಾಸು ಕಾದ. ದಾರ ಅವನ ಬೆನ್ನ ಹಿಂದೆ ನೇರವಾಗಿ ಚಾಚಿಕೊಂಡು, ಆಮೇಲೆ ನಮ್ಮ ಕಡೆ ಬಂತು. ನಾನು ಕೈ ಚಾಚಿದೆ. ಕೊಕ್ಕೆ ಅಂಗೈಗೆ ಕಚ್ಚಿತು. ಸಪೂರ ದಾರ ಕಿತ್ತುಹೋಗುವ ಮೊದಲೇ ಇನ್ನೊಂದು ಕೈಯಿಂದ ದಪ್ಪ ದಾರವನ್ನು ಹಿಡಿದು ಸುತ್ತಿಕೊಂಡೆ. ಡಂಕನ್ ಚೀಲದಿಂದ ನೈಲಾನ್ ಹುರಿ ತೆಗೆದು ಅದಕ್ಕೆ ಕಟ್ಟಿದ, ಹುರಿಗೆ ಖಲ್ಫಾನನ ಹಗ್ಗ. ವಾಸು ಎಳೆದುಕೊಂಡು ಸೊಂಟಕ್ಕೆ ಬಿಗಿದ. ಈಚೆಯ ತುದಿಯನ್ನು ಮಕ್ಕಳು ಖರ್ಜೂರದ ಬುಡಕ್ಕೆ ಸುತ್ತಿದರು.

ಎಳೆಯಿರಿ ಎಂದು ನಾನು ಹಿಂದಿಯಲ್ಲಿ ಕಿರುಚಿದೆ. ಖಲ್ಫಾನ್ ನನ್ನ ಕಡೆ ತಿರುಗಿದ. “ಬೆಹನ್, ಎಳೆದರೆ ನೀರಿನಲ್ಲಿರುವ ಕಲ್ಲು ಅವನನ್ನು ಕೊಲ್ಲುತ್ತದೆ. ನೀರು ಬಂದ ಹಾಗೆ ಹೋಗುತ್ತದೆ. ಅವನು ನಿಂತಿರಲಿ, ನೀನು ಕೂತಿರು.”

ಕೂತೆ. ನೀರು ಅವನ ಮೊಣಕಾಲಿಗೆ ಬಂತು. ಒಂದು ಖರ್ಜೂರದ ದಿಮ್ಮಿ ಬಂಡೆಗೆ ಬಡಿದು ತಿರುಗಿ ಹೋಯಿತು, ಅವನು ಬಿದ್ದ, ಕೋಲು ಮುರಿಯಿತು, ಹಗ್ಗ ಬಿಗಿಯಿತು, ಮತ್ತೆ ಎದ್ದ. ಮೊಣಕಾಲಿನ ಮೇಲೆ ಒಂದು ಗೇಣು ಏರಿದ ನೀರು ಅಲ್ಲೇ ನಿಂತಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಬಿಸಿಲು ಎದುರಿನ ಗೋಡೆ ಹತ್ತಿ ಹೋಗುತ್ತಿತ್ತು. ಆಮೇಲೆ ಅವನ ಮೊಣಕಾಲು ಕಂಡಿತು. ಆಮೇಲೆ ಪಾದ. ಸೂರ್ಯ ಮುಳುಗುವ ಮೊದಲು ಅವನು ಸೊಂಟದ ನೀರಿನಲ್ಲಿ ಹಗ್ಗ ಹಿಡಿದು ನಡೆದು ಬಂದ. ಮುರಿದ ಕೋಲನ್ನು ಡಂಕನನಿಗೆ ಚಾಚಿ ‘ಸಾರಿ ಸರ್’ ಎಂದ. ಡಂಕನ್ ಅದನ್ನು ನೋಡದೆಯೇ ನೆಲಕ್ಕಿಟ್ಟು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೀರಿಗೆ ಏಕೆ ಇಳಿದೆ ಎಂದು ಮೆಲ್ಲಗೆ ಕೇಳಿದ. ಮೀನಿನ ಆಸೆಗೆ, ತಪ್ಪು ನನ್ನದೇ ಸರ್ ಎಂದ ವಾಸು.

ನಾನು ಹೋಗಿ ಅವನ ಕೆನ್ನೆಗೆ ಹೊಡೆದೆ. ಅಷ್ಟೂ ಜನರ ಎದುರಿಗೆ. “ನಾನು ಇಳಿ ಅಂದ್ರೆ ಇಳಿಯುದಾ ನೀನು?”

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಸಿಟ್ಟೂ ಇರಲಿಲ್ಲ. “ಯಾವತ್ತು ಇಳಿಲಿಲ್ಲ ಅಕ್ಕಾ ನಾನು?” ಎಂದ.

ಮತ್ತೆ ಅಲ್ ಅಜೈಬಾ

ಜೀಪು ದಿಬ್ಬದ ಮೇಲೆ ಇಟ್ಟಲ್ಲೇ ಇತ್ತು. ಬೆಳಿಗ್ಗೆ ನಾನು ಹೇಳಿದ್ದ ಸಮತಟ್ಟು ಜಾಗದ ಗುರುತೂ ಇರಲಿಲ್ಲ. ರೂವಿ ಪೇಟೆಯ ದೀಪಗಳು ಕಾಣುವಾಗ ವಾಸು ತುಳುವಿನಲ್ಲಿ ಕೇಳಿದ, “ಶೋಭಾಗೆ ಹೇಳುದಾ ಬೇಡ್ವಾ ಅಕ್ಕಾ?”

ಬೇಡ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಜಾರಿ ಬಿದ್ದೆ ಎಂದು ಹೇಳು, ನಾನು ಹೀಗೆ ಹೇಳುತ್ತೇನೆ, ನೀನು ಹಾಗೆ ಹೇಳು, ಎಲ್ಲ ತಯಾರಾಗಿತ್ತು. ನುಂಗಿಕೊಂಡೆ. “ನಿಂಗೆ ಹೇಗೆ ಕಾಣ್ತದೆ?” ಎಂದೆ. ಅವನ ಜನ್ಮದಲ್ಲಿ ನಾನು ಅವನನ್ನು ಹಾಗೆ ಕೇಳಿದ್ದು ಅದೇ ಮೊದಲು.

“ಹೇಳ್ತೇನೆ. ನೀನು ಇಳಿಸಿದ್ದನ್ನೂ ಹೇಳ್ತೇನೆ.”

ಹೇಳಿದ. ಸೋಫಾದಲ್ಲಿ ಕೂತು ಒಂದೂ ಬಿಡದೆ ಹೇಳಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಶೋಭಾ ಅಳಲಿಲ್ಲ. ಎದ್ದು ಬಂದು ನನ್ನ ಕೈ ತೆಗೆದುಕೊಂಡು, ಅಂಗೈಯಲ್ಲಿ ಕೊಕ್ಕೆ ಕಚ್ಚಿದ ಜಾಗವನ್ನು ದೀಪದ ಕೆಳಗೆ ನೋಡಿದಳು, ತೊಳೆದಳು, ಔಷಧಿ ಹಚ್ಚಿ ಬಟ್ಟೆ ಕಟ್ಟಿದಳು. ಗಂಟು ಹಾಕಿದ ಮೇಲೂ ನನ್ನ ಕೈ ಬಿಡಲಿಲ್ಲ.

“ಅತ್ತಿಗೆ,” ಎಂದಳು, “ಇನ್ನು ಇವರಿಗೆ ನೀವು ಎಂತದ್ದೂ ಹೇಳ್ಬೇಡಿ.”

ಆಯಿತು ಎಂದೆ. ಅಲ್ಲಿ ಉಳಿದ ಹನ್ನೊಂದು ದಿನ, ಆ ಬಿಸಿಲಿನಲ್ಲಿ ಆಫೀಸಿನಿಂದ ಬೆವರಿ ಬರುವ ತಮ್ಮನಿಗೆ, ನೀರು ಕುಡಿ ಎಂದು ಕೂಡ ನಾನು ಹೇಳಲಿಲ್ಲ.